ನಮ್ಮ ಅನಿಶ್ಚಿತತೆ ಯಾರ ತಲೆ ಮೇಲೆ? ಹೊಂಗಡಹಳ್ಳ ಕಲಿಸಿದ ಒಳಗಿನ ನಾಯಕತ್ವ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

 

ಹೋದ ಸಂಚಿಕೆ ಆದ್ಮೇಲೆ ತುಂಬಾ ಜನ ಒಂದೇ ಥರದ ಪ್ರಶ್ನೆ ಕಳ್ಸಿದ್ರಿ. "ಕೆಲಸ ಇರುತ್ತೋ ಇಲ್ವೋ ಗೊತ್ತಿಲ್ಲ. ಮದುವೆ ಮುಂದಕ್ಕೆ ಹಾಕ್ಬೇಕಾ ಗೊತ್ತಿಲ್ಲ. ಊರಿಗೆ ವಾಪಸ್ ಹೋಗ್ಲಾ ಗೊತ್ತಿಲ್ಲ. ಇಂಥ ಟೈಮಲ್ಲಿ ಮನಸ್ಸನ್ನ ಹೇಗೆ ಗಟ್ಟಿ ಮಾಡ್ಕೊಳ್ಳೋದು?" ಇದಕ್ಕೆ ರೀಲ್ಸ್‌ನಲ್ಲಿ ಸಿಗೋ ಉತ್ತರ ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಐದಕ್ಕೆ ಏಳಿ, ಕಣ್ಣು ಮುಚ್ಚಿ, ಒಳ್ಳೇದೇ ಆಗುತ್ತೆ ಅಂತ ನಂಬಿ. ನಾನು ಇವತ್ತು ಅದನ್ನ ಹೇಳೋಕೆ ಬಂದಿಲ್ಲ. ನಾನು ಮಾಡಿದ ಒಂದು ತಪ್ಪಿನ ಕತೆ ಹೇಳ್ತೀನಿ. ಆ ತಪ್ಪು ನನಗೆ ಅರ್ಥ ಮಾಡ್ಸಿದ್ದು ಹೊಂಗಡಹಳ್ಳದಲ್ಲಿರೋ ನನ್ನ ದೊಡ್ಡಮ್ಮ. ಅವರು ಯಾವತ್ತೂ 'ಲೀಡರ್‌ಶಿಪ್' ಅನ್ನೋ ಪದ ಬಳಸಿದವರಲ್ಲ.

ಫೆಬ್ರವರಿಯ ಆ ಫೋನ್

ಹೊಂಗಡಹಳ್ಳ ಹಾಸನ ಜಿಲ್ಲೆ ಸಕಲೇಶಪುರ ತಾಲ್ಲೂಕಿನ ಊರು. ಘಟ್ಟದ ಅಂಚು. ಅಲ್ಲಿ ಬಿದ್ದ ಮಳೆ ಹಳ್ಳಗಳಾಗಿ ಪಶ್ಚಿಮಕ್ಕೆ ಇಳಿದು ಗುಂಡ್ಯ ಹೊಳೆ ಸೇರುತ್ತೆ, ಆಮೇಲೆ ಕುಮಾರಧಾರಾ, ನೇತ್ರಾವತಿ, ಕೊನೆಗೆ ಸಮುದ್ರ. ದೊಡ್ಡಪ್ಪನ ಹತ್ರ ಇರೋದು ಸಣ್ಣ ತೋಟ. ಅರೇಬಿಕಾ ಕಾಫಿ, ಮರಗಳಿಗೆ ಹಬ್ಬಿಸಿದ ಕಾಳುಮೆಣಸು.

2025ರ ಫೆಬ್ರವರಿ ನೆನಪಿದ್ಯಾ? ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಒಂದು ಪೌಂಡ್‌ಗೆ 4 ಡಾಲರ್ ದಾಟಿತು. ಅಲ್ಲಿವರೆಗಿನ ದಾಖಲೆಗಳೆಲ್ಲ ಮುರಿದವು. ಬೆಂಗಳೂರಲ್ಲಿ ನಾವು ಕಾಫಿ ಪುಡಿ ರೇಟ್ ನೋಡಿ ಗೊಣಗ್ತಿದ್ರೆ, ಮಲೆನಾಡಲ್ಲಿ ಎಷ್ಟೋ ವರ್ಷದ ಮೇಲೆ ಬೆಳೆಗಾರರ ಮುಖದಲ್ಲಿ ನಗು ಇತ್ತು. ಆಗ ದೊಡ್ಡಪ್ಪ ಫೋನ್ ಮಾಡಿದ್ರು.

"ಮಗಾ, ನೀನು ಕಾಮರ್ಸ್ ಓದಿದೋನು. ಈಗ ಮಾರೋದಾ, ಇಟ್ಕೊಳೋದಾ?"

ನಾನು ಲ್ಯಾಪ್‌ಟಾಪ್ ತೆಗೆದೆ. ಎರಡು ಚಾರ್ಟ್ ನೋಡಿದೆ. ಮೂರು ಯೂಟ್ಯೂಬ್ ವಿಡಿಯೋ ನೋಡಿದೆ. ಬ್ರೆಜಿಲ್‌ನಲ್ಲಿ ಬರ, ದಾಸ್ತಾನು ಕಡಿಮೆ, ಬೇಡಿಕೆ ಜಾಸ್ತಿ. ವಾಪಸ್ ಫೋನ್ ಮಾಡಿ, "ಇಟ್ಕೊಳಿ ದೊಡ್ಡಪ್ಪ, ಮಳೆಗಾಲದ ಹೊತ್ತಿಗೆ ಇನ್ನೂ ಏರುತ್ತೆ" ಅಂದೆ. ಎಷ್ಟು ಧೈರ್ಯವಾಗಿ ಅಂದೆ ಅಂದ್ರೆ, ಫೋನ್ ಇಟ್ಟ ಮೇಲೆ ನನಗೇ ನನ್ನ ಬಗ್ಗೆ ಹೆಮ್ಮೆ ಆಯ್ತು. ಮನೇಲಿ ಮೊದಲ ಸಲ ಯಾರೋ ನನ್ನ ಡಿಗ್ರಿಗೆ ಬೆಲೆ ಕೊಟ್ಟಿದ್ರು.

ಆಮೇಲೆ ಏನಾಯ್ತು? ಏಪ್ರಿಲ್ ಆದ್ಮೇಲೆ ಬೆಲೆ ಇಳಿಯೋಕೆ ಶುರುವಾಯ್ತು. ಜುಲೈ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿ 3 ಡಾಲರ್ ಆಸುಪಾಸು. ಮಳೆಗಾಲದಲ್ಲಿ ಮನೇಲಿ ಇಟ್ಟ ಪಾರ್ಚ್‌ಮೆಂಟ್ ತೇವ ಎಳ್ಕೊಳುತ್ತೆ, ಗುಣಮಟ್ಟ ಕೆಡುತ್ತೆ. ದೊಡ್ಡಪ್ಪ ಜುಲೈನಲ್ಲಿ ಉಳಿದ ಚೀಲಗಳನ್ನ ಮಾರಿ ಕೈ ತೊಳ್ಕೊಂಡ್ರು. ತಮಾಷೆ ನೋಡಿ, ಆಗಸ್ಟ್‌ನಲ್ಲಿ ಅಮೆರಿಕ ಬ್ರೆಜಿಲ್ ಸರಕಿನ ಮೇಲೆ 50% ಸುಂಕ ಹಾಕ್ತು, ಬೆಲೆ ಮತ್ತೆ ಎದ್ದು ಕೂತ್ಕೊಂಡ್ತು. ಅಂದ್ರೆ ಫೆಬ್ರವರಿಯಲ್ಲಿ ನಾನು ಹೇಳಿದ್ದೂ ತಪ್ಪು, ಜುಲೈನಲ್ಲಿ ದೊಡ್ಡಪ್ಪ ಮಾಡಿದ್ದೂ ತಪ್ಪು. ಆದ್ರೆ ಎರಡೂ ಸಲ ಮುಂಚೆಯೇ ಗೊತ್ತಾಗೋ ದಾರಿ ಯಾವುದೂ ಇರ್ಲಿಲ್ಲ.

ಜುಲೈನಲ್ಲಿ ಊರಿಗೆ ಹೋದಾಗ ನನಗೆ ಮುಖ ತೋರಿಸೋಕೆ ನಾಚಿಕೆ. ಆಗ ಗೊತ್ತಾಗಿದ್ದು: ದೊಡ್ಡಮ್ಮ ನನ್ನ ಮಾತು ಕೇಳಿ ಎಲ್ಲ ಚೀಲ ಇಡೋಕೆ ಬಿಟ್ಟಿರ್ಲಿಲ್ಲ. ಕೂಲಿಯವರ ಬಾಕಿ, ಬ್ಯಾಂಕ್ ಕಂತು, ಗೊಬ್ಬರ, ತಂಗಿಯ ಕಾಲೇಜು ಫೀಸ್, ಇವಕ್ಕೆ ಎಷ್ಟು ಬೇಕೋ ಅಷ್ಟನ್ನ ಫೆಬ್ರವರಿಯಲ್ಲೇ ಮಾರ್ಸಿಬಿಟ್ಟಿದ್ರು. ಮಿಕ್ಕಿದ್ದನ್ನ ಮಾತ್ರ "ನಿಮ್ಮಿಷ್ಟ" ಅಂತ ದೊಡ್ಡಪ್ಪನಿಗೆ ಬಿಟ್ಟಿದ್ರು.

ನಾನು ಸಾರಿ ಕೇಳಿದೆ. ದೊಡ್ಡಮ್ಮ ಒಲೆ ಮುಂದೆ ಕೂತಿದ್ರು. ಅವರು ಹೇಳಿದ್ದು ಇಷ್ಟೇ:

"ಬೆಲೆ ಬಿದ್ರೆ ನಾವು ಒಂದ್ ವರ್ಷ ಸೀರೆ ತಗೊಳಲ್ಲ, ಮುಗೀತು. ಬಟವಾಡೆ ನಿಂತ್ರೆ ಲೈನ್ ಮನೇಲಿ ಒಲೆ ಹತ್ತಲ್ಲ. ಎರಡೂ ಒಂದೇನಾ? ಅದಿರ್ಲಿ, ಗೊತ್ತಿಲ್ಲ ಅನ್ನೋಕೆ ಏನಾಗಿತ್ತೋ ನಿಂಗೆ?"

ಇವತ್ತಿನ ಸಂಚಿಕೆ ಪೂರ್ತಿ ಈ ಎರಡು ಪ್ರಶ್ನೆಗಳ ಮೇಲೇ ಇದೆ.

ರಿಸ್ಕ್ ಬೇರೆ, ಅನಿಶ್ಚಿತತೆ ಬೇರೆ

ಬಿ.ಕಾಂ. ಓದಿದವರಿಗೆ ಈ ಹೆಸರು ಮಸುಕಾಗಿ ನೆನಪಿರಬಹುದು: ಫ್ರಾಂಕ್ ನೈಟ್. ಅಮೆರಿಕದ ಅರ್ಥಶಾಸ್ತ್ರಜ್ಞ. 1921ರಲ್ಲಿ ಬಂದ ಪುಸ್ತಕದಲ್ಲಿ ಅವರು ಒಂದು ಸರಳವಾದ ವ್ಯತ್ಯಾಸ ತೋರಿಸಿದ್ರು. ರಿಸ್ಕ್ ಅಂದ್ರೆ ಲೆಕ್ಕ ಹಾಕಬಹುದಾದ ಅಪಾಯ. ದಾಳ ಎಸೆದ್ರೆ ಆರು ಬೀಳೋ ಸಾಧ್ಯತೆ ಆರರಲ್ಲಿ ಒಂದು ಅಂತ ನಮಗೆ ಗೊತ್ತು. ಇನ್ಶೂರೆನ್ಸ್ ಕಂಪನಿ ಬದುಕೋದು ಇಂಥ ಲೆಕ್ಕದ ಮೇಲೆ. ಅನಿಶ್ಚಿತತೆ ಅಂದ್ರೆ ಲೆಕ್ಕಕ್ಕೇ ಸಿಗದೇ ಇರೋದು. ದಾಳಕ್ಕೆ ಎಷ್ಟು ಮುಖ ಇದೆ ಅಂತಾನೇ ಗೊತ್ತಿಲ್ಲ.

ನೈಟ್ ಇನ್ನೊಂದು ಮಾತು ಹೇಳ್ತಾರೆ. ಲಾಭ ಅನ್ನೋದು ಯಾಕೆ ಸಿಗುತ್ತೆ? ಕೆಲಸಕ್ಕೆ ಸಂಬಳ ಇದೆ, ಜಮೀನಿಗೆ ಬಾಡಿಗೆ ಇದೆ, ಹಣಕ್ಕೆ ಬಡ್ಡಿ ಇದೆ. ಲಾಭ ಅನಿಶ್ಚಿತತೆಯನ್ನ ಹೊತ್ತಿದ್ದಕ್ಕೆ ಸಿಗೋ ಪ್ರತಿಫಲ. ಪರೀಕ್ಷೆಗೆ ಇದನ್ನ ಐದು ಮಾರ್ಕ್ಸ್‌ಗೆ ಉರು ಹೊಡೆದಿದ್ದೆ. ಅರ್ಥ ಆಗಿದ್ದು ದೊಡ್ಡಮ್ಮನ ಅಡುಗೆಮನೆಯಲ್ಲಿ. ಬೆಲೆ ಏರಿದ್ರೆ ಲಾಭ ತೋಟದವರಿಗೆ. ಹಾಗಿದ್ಮೇಲೆ ಬೆಲೆ ಬಿದ್ದಾಗಿನ ಹೊಡೆತ ಕೂಡ ತೋಟದವರೇ ಹೊರಬೇಕು. ಲಾಭ ನನಗೆ, ಅನಿಶ್ಚಿತತೆ ಮಾತ್ರ ಕೂಲಿಯವರಿಗೆ ಅಂದ್ರೆ ಅದು ವ್ಯಾಪಾರವೂ ಅಲ್ಲ, ಧರ್ಮವೂ ಅಲ್ಲ.

ಅನಿಶ್ಚಿತತೆಯನ್ನ ಹಂಚ್ಕೊಳ್ಳೋ ಒಂದು ವ್ಯವಸ್ಥೆ ನಮ್ಮಲ್ಲೇ ಇತ್ತು. 1942ರ ಕಾಫಿ ಕಾಯ್ದೆಯ ಮೇಲೆ ಬೆಳೆಗಾರರು ತಮ್ಮ ಕಾಫಿಯನ್ನ ಕಾಫಿ ಬೋರ್ಡ್‌ನ 'ಪೂಲ್'ಗೆ ಕೊಡಬೇಕಿತ್ತು. ಬೋರ್ಡ್ ಎಲ್ಲರದ್ದನ್ನೂ ಸೇರಿಸಿ ಮಾರಿ, ಕಂತಿನಲ್ಲಿ ದುಡ್ಡು ಕೊಡ್ತಿತ್ತು. ದುಡ್ಡು ತಡವಾಗಿ ಬರುತ್ತೆ ಅಂತ ಅಜ್ಜ ಬೈತಿದ್ರಂತೆ. ಅದು ನಿಜವಾದ ಸಮಸ್ಯೆನೇ. ಆದ್ರೆ ಇವತ್ತು ಮಾರೋದಾ ನಾಳೆ ಮಾರೋದಾ ಅಂತ ಅವರು ರಾತ್ರಿ ನಿದ್ದೆ ಕೆಡಿಸ್ಕೊಂಡಿರ್ಲಿಲ್ಲ. 90ರ ದಶಕದಲ್ಲಿ ಪೂಲ್ ಹಂತ ಹಂತವಾಗಿ ಸಡಿಲವಾಗಿ, 1996ಕ್ಕೆ ಪೂರ್ತಿ ಮುಕ್ತ ಮಾರುಕಟ್ಟೆ ಬಂತು. ಅತ್ತ 1989ರಲ್ಲೇ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ನಿಂತು ಹೋಗಿತ್ತು. 2001ರಲ್ಲಿ ನ್ಯೂಯಾರ್ಕ್ ಬೆಲೆ ಪೌಂಡ್‌ಗೆ 50 ಸೆಂಟ್‌ಗಿಂತ ಕೆಳಗೆ ಬಿತ್ತು. 50 ಸೆಂಟ್‌ನಿಂದ 4 ಡಾಲರ್! ಒಬ್ಬನೇ ಮನುಷ್ಯ ತನ್ನ ಜೀವನದಲ್ಲಿ ಎರಡೂ ನೋಡ್ದ. ನಿರ್ಧಾರ ಸ್ವಂತದ್ದಾಯ್ತು, ಸ್ವಾತಂತ್ರ್ಯ ಬಂತು. ಜೊತೆಗೇ ಭಾರವೂ ಸ್ವಂತದ್ದಾಯ್ತು.

ನಮ್ಮ ಪೀಳಿಗೆಯ ಕತೆಯೂ ಇದೇ ಅಲ್ವಾ? ಅಪ್ಪನಿಗೆ ಪೆನ್ಷನ್ ಇತ್ತು, ನಮಗೆ ಮ್ಯೂಚುವಲ್ ಫಂಡ್ ಆ್ಯಪ್ ಇದೆ. ಅಪ್ಪನಿಗೆ ಒಂದೇ ಕೆಲಸ, ನಮಗೆ ಕಾಂಟ್ರ್ಯಾಕ್ಟ್. ಅನಿಶ್ಚಿತತೆ ಹೊಸದೇನಲ್ಲ, ಅದು ಕೆಳಗೆ ಇಳಿದು ಇಳಿದು ಒಬ್ಬೊಬ್ಬರ ತಲೆ ಮೇಲೆ ಬಂದು ಕೂತಿದೆ. ಹೀಗೆ ಬಂದು ಕೂತಾಗ ನಾವು ಮಾಡೋ ಮೊದಲ ಕೆಲಸ ಏನು? ನಮಗಿಂತ ಕೆಳಗೆ ಯಾರಿದ್ದಾರೆ ಅಂತ ನೋಡಿ, ಅವರ ತಲೆಗೆ ದಾಟಿಸೋದು. ಮ್ಯಾನೇಜರ್ ಮೇಲಿನ ಭಯವನ್ನ ಟೀಮ್ ಮೇಲೆ ಹಾಕೋದು. ಆಫೀಸ್ ಟೆನ್ಷನ್ ತಂದು ಅಮ್ಮನ ಮೇಲೆ ಕೂಗಾಡೋದು. ಬಹಳಷ್ಟು ಸಲ ನಾವು ಇದನ್ನ ಮಾಡ್ತಿದ್ದೀವಿ ಅಂತ ನಮಗೇ ತಿಳಿದಿರಲ್ಲ.

ತಿಳಿಯೋದಕ್ಕೆ ಕನ್ನಡದಲ್ಲಿ ಒಂದು ಪದ ಇದೆ. ಅರಿವು.

ಆಯ್ದಕ್ಕಿ ಲಕ್ಕಮ್ಮ ವಾಪಸ್ ಕಳಿಸಿದ ಅಕ್ಕಿ

12ನೇ ಶತಮಾನದ ಕಲ್ಯಾಣಕ್ಕೆ ಹೋಗೋಣ. ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಕಳಚೂರಿ ಬಿಜ್ಜಳನ ರಾಜ್ಯ, ಬಸವಣ್ಣ ಅಲ್ಲಿ ಅಧಿಕಾರದಲ್ಲಿದ್ದವರು. ಶರಣರು ಅಂದ ತಕ್ಷಣ ನಮಗೆ ಬಸವಣ್ಣ, ಅಲ್ಲಮ, ಅಕ್ಕಮಹಾದೇವಿ ನೆನಪಾಗ್ತಾರೆ. ನಾನು ಹೇಳ್ತಿರೋದು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಅನ್ನೋ ಗಂಡ ಹೆಂಡತಿಯ ಕತೆ. ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಅವರ ಕಾಯಕ ಏನು ಗೊತ್ತಾ? ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರೋದು. ಹೆಸರಲ್ಲೇ ಇದೆ, ಆಯ್ದ ಅಕ್ಕಿ. ಅದರಲ್ಲೇ ಅವರ ಊಟ, ಅದರಲ್ಲೇ ದಾಸೋಹ.

ಶರಣರ ಕತೆಗಳಲ್ಲಿ ಬರೋ ಪ್ರಸಂಗ ಇದು. ಒಂದು ದಿನ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ತರ್ತಾನೆ. ಇವತ್ತಿನ ಭಾಷೆಯಲ್ಲಿ ಬೋನಸ್! ನಾಳೆ ಸಿಗುತ್ತೋ ಇಲ್ವೋ, ಇರ್ಲಿ ಬಿಡು ಅಂತ ಯಾರಿಗೆ ಬೇಕಾದ್ರೂ ಅನ್ಸುತ್ತೆ. ಲಕ್ಕಮ್ಮ ಅದನ್ನ ನೋಡಿ, ಇದು ನಮಗೆ ಬೇಕಾದ್ದಕ್ಕಿಂತ ಹೆಚ್ಚು, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಅಂತ ಗಂಡನನ್ನ ವಾಪಸ್ ಕಳಿಸ್ತಾಳೆ.

ಚಿಕ್ಕವನಿದ್ದಾಗ ಇದನ್ನ 'ದುರಾಸೆ ಬೇಡ' ಅನ್ನೋ ನೀತಿಕತೆ ಅಂದ್ಕೊಂಡಿದ್ದೆ. ಈಗ ಬೇರೆ ಥರ ಕಾಣುತ್ತೆ. ಲಕ್ಕಮ್ಮನ ಮನೆ ಶ್ರೀಮಂತರ ಮನೆ ಅಲ್ಲ. ನಾಳಿನ ಊಟದ ಬಗ್ಗೆ ಅತಿ ಹೆಚ್ಚು ಅನಿಶ್ಚಿತತೆ ಇದ್ದದ್ದು ಆ ಮನೆಗೇ. ಆ ಹೆಚ್ಚುವರಿ ಅಕ್ಕಿ ಇಟ್ಕೊಂಡಿದ್ರೆ ಅವರ ನಾಳೆ ಸ್ವಲ್ಪ ಗಟ್ಟಿ ಆಗ್ತಿತ್ತು. ಆದ್ರೆ ಅದು ಇನ್ಯಾರದೋ ಪಾಲು. ನಮ್ಮ ಭಯ ಕಡಿಮೆ ಮಾಡ್ಕೊಳ್ಳೋಕೆ ಇನ್ನೊಬ್ಬರ ಪಾಲಿಗೆ ಕೈ ಹಾಕಬಾರದು ಅಂತ ಆಕೆ ನಿರ್ಧಾರ ಮಾಡಿದ್ಳು. ಅದೂ ಯಾರು? ಮಂತ್ರಿ ಅಲ್ಲ, ಗುರು ಅಲ್ಲ, ಅಕ್ಕಿ ಆಯುವವನ ಹೆಂಡತಿ.

ಅದೇ ಪರಂಪರೆಯಲ್ಲಿ ಇನ್ನೊಂದು ಪ್ರಸಂಗವೂ ಇದೆ. ಮಾರಯ್ಯ ಅಲ್ಲಮಪ್ರಭುವಿನ ಜೊತೆ ದೊಡ್ಡ ಆಧ್ಯಾತ್ಮಿಕ ಚರ್ಚೆಯಲ್ಲಿ ಮುಳುಗಿ ಕೆಲಸ ಮರೆತಾಗ, ಕಾಯಕ ನಿಂತಿದೆ ಏಳು ಅಂತ ಎಬ್ಬಿಸೋದೂ ಲಕ್ಕಮ್ಮನೇ. ಅಂದ್ರೆ ಅಧ್ಯಾತ್ಮ ಕೆಲಸದಿಂದ ತಪ್ಪಿಸ್ಕೊಳ್ಳೋ ಜಾಗ ಅಲ್ಲ. ಒಂದು ಸಲ ಅತಿಯನ್ನ ತಡೆದಳು, ಇನ್ನೊಂದು ಸಲ ಕೊರತೆಯನ್ನ ತಡೆದಳು.

ಅರಿವು ಅಂದ್ರೆ ಮಾಹಿತಿ ಅಲ್ಲ. ಮಾಹಿತಿ ಫೆಬ್ರವರಿಯಲ್ಲಿ ನನ್ನ ಹತ್ರ ಬೇಕಾದಷ್ಟಿತ್ತು. ಇಲ್ಲದೇ ಇದ್ದದ್ದು, ನನ್ನ ಒಳಗೆ ಏನು ನಡೀತಿದೆ ಅನ್ನೋದರ ಮೇಲೆ ಒಂದು ಕಣ್ಣು. ದೊಡ್ಡಪ್ಪ ಕೇಳಿದಾಗ ನನ್ನೊಳಗೆ ಎದ್ದಿದ್ದು 'ಬುದ್ಧಿವಂತ ಅನ್ನಿಸ್ಕೊಳ್ಳಬೇಕು' ಅನ್ನೋ ಆಸೆ. ಆ ಆಸೆಯನ್ನ ಎರಡು ನಿಮಿಷ ಸುಮ್ನೆ ನೋಡಿದ್ದಿದ್ರೆ, "ಗೊತ್ತಿಲ್ಲ ದೊಡ್ಡಪ್ಪ" ಅನ್ನೋ ಮಾತು ಸಲೀಸಾಗಿ ಬರ್ತಿತ್ತು.

ದೊಡ್ಡಮ್ಮ ದಿನಾ ಬೆಳಿಗ್ಗೆ ಸ್ನಾನ ಮಾಡಿ ಇಷ್ಟಲಿಂಗವನ್ನ ಅಂಗೈ ಮೇಲೆ ಇಟ್ಕೊಂಡು ಕೂರ್ತಾರೆ. ಹತ್ತು ಹದಿನೈದು ನಿಮಿಷ ಕಣ್ಣು ಅದರ ಮೇಲೇ. "ಏನು ಬೇಡ್ಕೊಳ್ತೀರಿ?" ಅಂತ ಒಂದ್ಸಲ ಕೇಳಿದೆ. "ಬೇಡ್ಕೊಳೋದೇನು ಬಂತು? ಮನಸ್ಸು ಎಲ್ಲೆಲ್ಲಿ ಓಡುತ್ತೆ ಅಂತ ಗೊತ್ತಾಗುತ್ತೆ, ಅಷ್ಟೇ" ಅಂದ್ರು. ನಿಮ್ಮ ಮನೇಲಿ ಅದು ನಮಾಜ್ ಇರಬಹುದು, ಜಪಮಾಲೆ ಇರಬಹುದು, ದೇವರನ್ನೇ ನಂಬದವರಾದ್ರೆ ಸುಮ್ನೆ ಜಗಲಿ ಮೇಲೆ ಕೂರೋದಿರಬಹುದು. ರೂಪ ಯಾವುದಾದ್ರೂ ಇರ್ಲಿ, ಮನಸ್ಸು ಓಡೋದನ್ನ ಓಡೋ ಹೊತ್ತಲ್ಲೇ ನೋಡೋ ಅಭ್ಯಾಸ ಬೇಕು.

ಆನೆ ಬಂದಿದೆ ಅನ್ನೋ ಮೆಸೇಜ್

ಈಗ ಇದೇ ವಿಷಯವನ್ನ ಕಾಫಿಗಿಂತ ದೊಡ್ಡ ಅಪಾಯದ ಪಕ್ಕದಲ್ಲಿಟ್ಟು ನೋಡೋಣ.

ಸಕಲೇಶಪುರ, ಆಲೂರು ಕಡೆಯವರಿಗೆ ಆನೆ ಅಂದ್ರೆ ದಸರಾ ಮೆರವಣಿಗೆ ಅಲ್ಲ. ಬೆಳಿಗ್ಗೆ ಬಾಗಿಲು ತೆಗೆಯೋಕೆ ಮುಂಚೆ ನೋಡೋ ವಾಟ್ಸಾಪ್ ಮೆಸೇಜ್. ಹೈಕೋರ್ಟ್ ಆದೇಶದ ನಂತರ 2014ರಲ್ಲಿ ಈ ಭಾಗದಿಂದ 20ಕ್ಕೂ ಹೆಚ್ಚು ಆನೆಗಳನ್ನ ಹಿಡಿದು ಸಾಗಿಸಿದ್ರು. ಆದ್ರೂ ಆನೆಗಳು ಮತ್ತೆ ಬಂದವು. ಕಾಡಿನ ತುಂಡುಗಳ ಮಧ್ಯೆ ತೋಟ, ತೋಟದಲ್ಲಿ ನೆರಳು, ನೀರು, ಹಲಸು. ಅವಕ್ಕೆ ಇದೂ ಮನೆಯೇ. ದಸರಾದಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನ ಆನೆ 2023ರ ಡಿಸೆಂಬರ್ 4ರಂದು ತೀರಿಕೊಂಡಿದ್ದು ಇದೇ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯೋ ಕಾರ್ಯಾಚರಣೆ ವೇಳೆ. ಅನುಭವ ಇರೋ ಮಾವುತರು, ಪಳಗಿದ ಆನೆಗಳು ಇದ್ದಾಗಲೂ ಹೀಗಾಗುತ್ತೆ ಅಂದ್ರೆ, ಬುಟ್ಟಿ ಹಿಡಿದು ಹಣ್ಣು ಕೊಯ್ಯೋಕೆ ಹೋಗೋರ ಪಾಡೇನು?

ಅರಣ್ಯ ಇಲಾಖೆ ಮತ್ತು ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸೇರಿ ಹಾಸನದಲ್ಲಿ ಎಚ್ಚರಿಕೆ ವ್ಯವಸ್ಥೆ ಮಾಡಿದ್ದಾರೆ. ಆನೆ ಎಲ್ಲಿದೆ ಅಂತ ಫೋನಿಗೆ ಮೆಸೇಜ್, ಕರೆ, ರಸ್ತೆ ಬದಿ ಡಿಜಿಟಲ್ ಬೋರ್ಡ್. ನಿಜವಾಗ್ಲೂ ಜೀವ ಉಳಿಸೋ ಕೆಲಸ. ಆದ್ರೆ ಮೆಸೇಜ್ ಹೇಳೋದು ಕೊನೆಗೆ ಆನೆ ಎಲ್ಲಿ ಕಂಡಿತು ಅನ್ನೋದನ್ನ. ಈಗ ಮಂಜಿನಲ್ಲಿ, ಗಿಡದ ಮರೆಯಲ್ಲಿ ಅದು ಎಲ್ಲಿದೆ ಅನ್ನೋದು ಆ ಕ್ಷಣದ ನಿರ್ಧಾರ.

ಒಂದು ಡಿಸೆಂಬರ್ ಬೆಳಿಗ್ಗೆ ನಾನು ಅಲ್ಲಿದ್ದೆ. ಹಣ್ಣು ಪೂರ್ತಿ ಆಗಿ ಉದುರೋಕೆ ಶುರುವಾಗಿತ್ತು, ಒಂದು ದಿನ ಬಿಟ್ರೂ ನಷ್ಟ. ರಾತ್ರಿ ಪಕ್ಕದ ತೋಟದಲ್ಲಿ ಗುಂಪು ಇತ್ತು ಅಂತ ಮೆಸೇಜ್ ಬಂದಿತ್ತು. ಆ ವರ್ಷ ಕೊಯ್ಲಿಗೆ ಬಂದಿದ್ದವರು ಅಸ್ಸಾಂ ಕಡೆಯವರು. ಮೆಸೇಜ್ ಇದ್ದದ್ದು ಕನ್ನಡದಲ್ಲಿ. ಅದು ಅವರ ಫೋನಿಗೆ ಬಂದೂ ಇರ್ಲಿಲ್ಲ, ಬಂದಿದ್ರೂ ಓದೋಕೆ ಆಗ್ತಿರ್ಲಿಲ್ಲ. 'ಏನಾಗಲ್ಲ, ಹೋಗಿ' ಅಂತ ಒಂದು ಮಾತು ಅಂದಿದ್ರೆ ಹೋಗೇ ಹೋಗ್ತಿದ್ರು. ದೊಡ್ಡಪ್ಪ ಹಾಗೆ ಅನ್ಲಿಲ್ಲ. ಇಬ್ಬರು ಹಳಬರನ್ನ ಕರ್ಕೊಂಡು ಮೊದಲು ತಾವೇ ಅಂಚಿನ ದಾರೀಲಿ ಹೋಗಿ ಲದ್ದಿ, ಹೆಜ್ಜೆ ಗುರುತು, ಮುರಿದ ಕೊಂಬೆ ನೋಡಿ ಬಂದ್ರು. "ಕೆಳಗಿನ ತೋಟಕ್ಕೆ ಇವತ್ತು ಬೇಡ, ಮನೆ ಹತ್ರ ಕೊಯ್ಯಿ" ಅಂದ್ರು. ಅರ್ಧ ದಿನದ ಹಣ್ಣು ನೆಲಕ್ಕೆ ಬಿತ್ತು. ಕೂಲಿ ಮಾತ್ರ ಪೂರ್ತಿ ಕೊಟ್ರು.

ಆ ದಿನ ಆನೆ ಬರ್ಲೇ ಇಲ್ಲ! ಲೆಕ್ಕದ ಪುಸ್ತಕದಲ್ಲಿ ಅದು ನಷ್ಟ. ಆದ್ರೆ ಫಲಿತಾಂಶ ನೋಡಿ ನಿರ್ಧಾರದ ಬೆಲೆ ಕಟ್ಟೋ ಹಾಗಿಲ್ಲ. ಭಯ ಎಲ್ಲರಿಗೂ ಇತ್ತು, ದೊಡ್ಡಪ್ಪನಿಗೂ ಇತ್ತು. ಆ ಭಯವನ್ನ ಅವರು ಭಾಷೆ ಬಾರದವರ ತಲೆಗೆ ದಾಟಿಸ್ಲಿಲ್ಲ. ನನ್ನ ಪ್ರಕಾರ ಒಳಗಿನ ನಾಯಕತ್ವ ಅಂದ್ರೆ ಅಷ್ಟೇ.

ಮುಳುಗಬಹುದಾದ ಜಾಗದಲ್ಲಿ ಗಿಡ ನೆಡೋದು

ಇದು ಒಂದು ಮನೆಯ ಕತೆ. ಒಂದಿಡೀ ಸೀಮೆಯ ಮೇಲೆ ಅನಿಶ್ಚಿತತೆ ಬಂದು ಕೂತ್ರೆ?

ಗುಂಡ್ಯ ಜಲವಿದ್ಯುತ್ ಯೋಜನೆ ಅಂತ ಒಂದಿತ್ತು. ಕರ್ನಾಟಕ ವಿದ್ಯುತ್ ನಿಗಮದ ಯೋಜನೆ, ಮೊದಲ ಹಂತದಲ್ಲಿ 200 ಮೆಗಾವ್ಯಾಟ್. ಎತ್ತಿನಹೊಳೆ, ಕೇರಿಹೊಳೆ, ಹೊಂಗಡಹಳ್ಳದ ಹೊಳೆ, ಬೆಟ್ಟಕುಮರಿ ಹೊಳೆಗಳ ನೀರನ್ನ ತಿರುಗಿಸಿ ಸುರಂಗದಲ್ಲಿ ಒಯ್ದು ಕರೆಂಟ್ ಮಾಡೋದು. ಜನ ವಿರೋಧಿಸಿದ್ರು. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಪಶ್ಚಿಮ ಘಟ್ಟ ತಜ್ಞರ ಸಮಿತಿ ಬಂದು ನೋಡಿ, 2011ರಲ್ಲಿ ಕೊಟ್ಟ ವರದಿಯಲ್ಲಿ ಈ ಯೋಜನೆಗೆ ಅನುಮತಿ ಬೇಡ ಅಂತ ಹೇಳ್ತು.

ಅಲ್ಲಿಗೆ ನೆಮ್ಮದಿ ಬಂತಾ? ಇಲ್ಲ. 2014ರಿಂದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಗಳು ಒಂದಾದ ಮೇಲೊಂದು. ಆರನೆಯದು ಬಂದಿದ್ದು 2024ರ ಜುಲೈ 31ಕ್ಕೆ. ಅದೇ ಜುಲೈನಲ್ಲಿ ಶಿರಾಡಿ ಘಾಟಿಯ ದೊಡ್ಡತಪ್ಪಲು ಹತ್ರ ಹೆದ್ದಾರಿ ಮೇಲೆ ಗುಡ್ಡ ಕುಸೀತು, ಯಡಕುಮರಿ ಹತ್ರ ಮಣ್ಣು ಜರುಗಿ ರೈಲು ನಿಂತವು. ಆ ವರ್ಷ ಸೆಪ್ಟೆಂಬರ್ 6ಕ್ಕೆ ಎತ್ತಿನಹೊಳೆ ನೀರನ್ನ ಪೂರ್ವಕ್ಕೆ ಎತ್ತೋ ಮೊದಲ ಹಂತ ಶುರುವಾಯ್ತು. ಕೋಲಾರ, ಚಿಕ್ಕಬಳ್ಳಾಪುರದ ಬಾಯಾರಿಕೆ ಸುಳ್ಳಲ್ಲ. ಆದ್ರೆ ಘಟ್ಟದ ಅಂಚಿನವರ ಪ್ರಶ್ನೆಯೂ ಸುಳ್ಳಲ್ಲ: ನಾಡಿನ ಕರೆಂಟಿನ ಚಿಂತೆ, ನಾಡಿನ ನೀರಿನ ಚಿಂತೆ, ಎಲ್ಲ ಕೊನೆಗೆ ನಮ್ಮ ಅಂಗಳಕ್ಕೇ ಯಾಕೆ ಬರುತ್ತೆ?

ಗುಂಡ್ಯ ಯೋಜನೆಯ ಮಾತು ಜೋರಾಗಿದ್ದ ಆ ವರ್ಷಗಳಲ್ಲಿ ನಮ್ಮನೇಲಿ ನಡೀತಿದ್ದ ಚರ್ಚೆ ನನಗೆ ಚೆನ್ನಾಗಿ ನೆನಪಿದೆ. ನಾನಾಗ ಹೈಸ್ಕೂಲ್. ಹಳೇ ಕಾಫಿ ಗಿಡ ಕಿತ್ತು ಹೊಸದು ನೆಡಬೇಕಿತ್ತು. ಕಾಫಿ ಗಿಡ ಫಸಲು ಕೊಡೋಕೆ ಮೂರು ನಾಲ್ಕು ವರ್ಷ ಬೇಕು. ಅಷ್ಟರಲ್ಲಿ ಜಾಗ ನಮ್ಮದಾಗಿ ಇರುತ್ತಾ? ನೆಟ್ರೆ ದುಡ್ಡು ಹೋಗಬಹುದು, ನೆಡದಿದ್ರೆ ತೋಟ ಹೋಗೋದು ಗ್ಯಾರಂಟಿ. ದೊಡ್ಡಪ್ಪ ಪೂರ್ತಿ ನೆಡ್ಲಿಲ್ಲ, ಪೂರ್ತಿ ಬಿಡ್ಲೂ ಇಲ್ಲ. ವರ್ಷಕ್ಕೆ ಒಂದಿಷ್ಟು ಅಂತ ನೆಡ್ತಾ ಹೋದ್ರು. ಜೊತೆಗೆ ಗ್ರಾಮಸಭೆ ಇದ್ದಾಗೆಲ್ಲ ಹೋಗಿ ಕೂತ್ರು, ಅರ್ಜಿಗೆ ಸಹಿ ಹಾಕಿದ್ರು. ಇವತ್ತು ಆ ಗಿಡಗಳೇ ಮನೆ ನಡೆಸ್ತಿವೆ.

ಭವಿಷ್ಯ ಗೊತ್ತಾದ್ಮೇಲೆ ಬದುಕೋಣ ಅಂತ ಅವರು ಕಾಯ್ಲಿಲ್ಲ. ನಮ್ಮಲ್ಲಿ ಎಷ್ಟೋ ಜನ ಕಾಯ್ತಿದ್ದೀವಿ.

ಇದು 'ಅಡ್ಜಸ್ಟ್ ಮಾಡ್ಕೊಳ್ಳಿ' ಅನ್ನೋ ಪಾಠ ಅಲ್ಲ

ಇಲ್ಲಿ ಎರಡು ಎಚ್ಚರಿಕೆ ಹೇಳ್ಲೇಬೇಕು.

ಒಂದು, ಅಧ್ಯಾತ್ಮದ ಮಾತನ್ನ ಅನಿಶ್ಚಿತತೆ ದಾಟಿಸೋಕೆ ಬಳಸೋರು ತುಂಬಾ ಜನ ಇದ್ದಾರೆ. ಸಂಬಳ ಕೊಡದೆ 'ತಾಳ್ಮೆ ಇರ್ಲಿ' ಅನ್ನೋದು, ಪರಿಹಾರ ಕೊಡದೆ 'ಎಲ್ಲ ಕರ್ಮ' ಅನ್ನೋದು. ತಾಳ್ಮೆಯ ಉಪದೇಶ ಮೇಲಿಂದ ಕೆಳಗೆ ಬಂದಾಗ ಅನುಮಾನ ಪಡಿ. ಲಕ್ಕಮ್ಮ 'ಸಾಕು' ಅಂದಿದ್ದು ತನಗೆ, ತನ್ನ ಮನೆಗೆ. ಇನ್ನೊಬ್ಬರ ತಟ್ಟೆ ನೋಡಿ ಅಲ್ಲ. ಬೆಳೆ ನಷ್ಟದ ಅರ್ಜಿ ಹಾಕೋದು, ಬಾಕಿ ಸಂಬಳ ಕೇಳೋದು, ಪ್ರಶ್ನೆ ಮಾಡೋದು, ಇದೆಲ್ಲ ಒಳಗಿನ ನಾಯಕತ್ವದ ಭಾಗವೇ.

ಎರಡು, ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರ್ತಿಲ್ಲ, ಬದುಕೋದೇ ಬೇಡ ಅನ್ನಿಸ್ತಿದೆ ಅಂದ್ರೆ ಅದು ಅರಿವಿನ ಕೊರತೆ ಅಲ್ಲ. ಅದಕ್ಕೆ ಚಿಕಿತ್ಸೆ ಇದೆ. ಟೆಲಿ-ಮಾನಸ್ ಅನ್ನೋ ಸರ್ಕಾರಿ ಸಹಾಯವಾಣಿ ಇದೆ, ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು, ಕರೆ ಉಚಿತ. ಭಾರ ದಾಟಿಸಬೇಡಿ ಅಂದ ಮಾತ್ರಕ್ಕೆ ಒಬ್ಬರೇ ಹೊತ್ಕೊಳ್ಳಿ ಅಂತ ಅಲ್ಲ. ಹೊರೋಕೆ ಕೈ ಜೋಡಿಸಿ ಅಂತ ಕೇಳೋದಕ್ಕೂ, ಹೇಳದೆ ಕೇಳದೆ ಬೇರೆಯವರ ತಲೆ ಮೇಲೆ ಇಟ್ಟು ಬರೋದಕ್ಕೂ ವ್ಯತ್ಯಾಸ ಇದೆ.

ಹಾಗಾದ್ರೆ ನಾಳೆ ಬೆಳಿಗ್ಗೆ ಏನು ಮಾಡೋದು?

ನಾನು ಈಗ ಯಾವ ದೊಡ್ಡ ನಿರ್ಧಾರ ಬಂದ್ರೂ ಒಂದು ಹಾಳೆ ತಗೊಂಡು ಮೂರು ವಿಷಯ ಬರೀತೀನಿ. ನೀವೂ ಪ್ರಯತ್ನ ಮಾಡಿ.

ಮೊದಲನೇದು: ನನಗೆ ಏನು ಗೊತ್ತು, ವಿಚಾರಿಸಿದ್ರೆ ಏನು ಗೊತ್ತಾಗುತ್ತೆ, ಏನು ಮಾಡಿದ್ರೂ ಗೊತ್ತಾಗಲ್ಲ. ಈ ಮೂರನ್ನ ಬೇರೆ ಬೇರೆ ಬರೀರಿ. ನಮ್ಮ ಮುಕ್ಕಾಲು ಆತಂಕ ಮೂರನೇದನ್ನ ಎರಡನೇದು ಅಂದ್ಕೊಂಡು ರಾತ್ರಿಯೆಲ್ಲ ಗೂಗಲ್ ಮಾಡೋದ್ರಲ್ಲೇ ಕಳೆದುಹೋಗುತ್ತೆ.

ಎರಡನೇದು: ನನ್ನ ಅಂದಾಜು ತಪ್ಪಾದ್ರೆ ಮೊದಲ ಹೊಡೆತ ಯಾರಿಗೆ ಬೀಳುತ್ತೆ? ಹೆಸರು ಬರೀರಿ. ಅಪ್ಪನ ಎಫ್‌ಡಿ ಮುರಿದು ಸ್ಟಾರ್ಟಪ್ ಮಾಡ್ತೀನಿ ಅಂದ್ರೆ, ಆ ಹೆಸರು ನಿಮ್ಮದಲ್ಲ. ಹಾಗಂತ ಮಾಡಬೇಡಿ ಅಂತಲ್ಲ. ಆ ಹೆಸರಿನವರ ಪಾಲನ್ನ ಮೊದಲು ಭದ್ರ ಮಾಡಿ, ಮಿಕ್ಕಿದ್ದರಲ್ಲಿ ಸಾಹಸ ಮಾಡಿ. ದೊಡ್ಡಮ್ಮ ಮೊದಲು ಬಟವಾಡೆಯ ಚೀಲ ಮಾರಿದ ಹಾಗೆ.

ಮೂರನೇದು: ನನಗೆ ಎಷ್ಟಾದ್ರೆ ಸಾಕು? ಬೆಲೆ ಏರೋಕೆ ಮುಂಚೆಯೇ ಈ ಅಂಕಿ ಬರ್ಕೊಳ್ಳಿ. ಏರಿದ ಮೇಲೆ ಯಾರಿಗೂ ಸಾಕು ಅನ್ಸಲ್ಲ.

ಇದರಿಂದ ಭವಿಷ್ಯ ಸ್ಪಷ್ಟ ಆಗಲ್ಲ. ಬೆಲೆ ಬೀಳೋದು ಬೀಳುತ್ತೆ. ಹೂಮಳೆ ಬರೋ ಟೈಮಿಗೆ ಬರದೇನೂ ಇರಬಹುದು. ನಿಮ್ಮ ಕೆಲಸವೂ ಹೋಗಬಹುದು. ಆದ್ರೆ ನಿಮ್ಮಿಂದಾಗಿ ನಿಮಗಿಂತ ಬಲಹೀನರೊಬ್ಬರು ಬೀಳಲ್ಲ. ಅನಿಶ್ಚಿತ ಕಾಲದಲ್ಲಿ ನಮ್ಮ ಕೈಯಲ್ಲಿ ನಿಜವಾಗ್ಲೂ ಇರೋದು ಇದೊಂದೇ ನಿಶ್ಚಯ ಅಂತ ನನಗನ್ನಿಸುತ್ತೆ.

ಮೊನ್ನೆ ದೊಡ್ಡಪ್ಪ ಮತ್ತೆ ಫೋನ್ ಮಾಡಿದ್ರು. "ಈ ಸಲ ಹೆಂಗೋ ಮಗಾ, ಏರುತ್ತಾ?" ಅಂದ್ರು.

"ಗೊತ್ತಿಲ್ಲ ದೊಡ್ಡಪ್ಪ" ಅಂದೆ.

ಹಿಂದೆ ದೊಡ್ಡಮ್ಮ ನಕ್ಕಿದ್ದು ಕೇಳಿಸ್ತು. "ಬಟವಾಡೆಗೆ ಎಷ್ಟು ಚೀಲ ಆಗುತ್ತೆ ಲೆಕ್ಕ ಹಾಕಿದ್ರಾ?" ಅಂತ ನಾನೇ ಕೇಳಿದೆ. ಹಾಕಾಗಿತ್ತಂತೆ.

ನಿಮ್ಮ ಮನೇಲೂ ಇಂಥ ಒಬ್ಬ ದೊಡ್ಡಮ್ಮನೋ, ಅಜ್ಜನೋ, ಪಕ್ಕದ ಮನೆಯವರೋ ಇದ್ದೇ ಇರ್ತಾರೆ. ಈ ವಾರ ಅವರಿಗೆ ಒಂದು ಫೋನ್ ಮಾಡಿ, ಅವರು ಕಷ್ಟದ ವರ್ಷದಲ್ಲಿ ಏನು ನಿರ್ಧಾರ ತಗೊಂಡ್ರು ಅಂತ ಕೇಳಿ. ಒಪ್ಪಿಗೆ ಕೊಟ್ರೆ ವಾಯ್ಸ್ ನೋಟ್ ಮಾಡಿ ನನಗೂ ಕಳ್ಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.